ಅರ್ಧ ಮನೆ ಮೇಲಿನ ಶ್ರುತಿಯಲ್ಲಿ ಥೆಕ್ಲಾ ಆಮ್ತೋರ್

ಬರೋಕ್ ಯುಗದ ಸಂಗೀತಗಾರರನ್ನು ಕುರಿತು ದಪ್ಪ ದಪ್ಪ ಗ್ರಂಥಗಳನ್ನು ಬರೆದ ವಿದ್ವಾಂಸರು ನಮ್ಮ ಸೀಮೆಯಲ್ಲಿ ಹೇರಳವಾಗಿದ್ದಾರೆ. ಅವರ ಕೃತಿಗಳನ್ನು ದೊಡ್ಡ ಸಭಾಂಗಣಗಳಲ್ಲಿ ನುಡಿಸಿ ಹೆಸರು ಗಳಿಸಿದವರಿಗೂ ಕೊರತೆಯಿಲ್ಲ. ಆದರೆ ಮುನ್ನೂರು ವರ್ಷಗಳ ಹಿಂದಿನ ಆ ಸಂಗೀತವನ್ನು ಒಂದು ಹಳ್ಳಿಯ ನಾಲಗೆಯ ಮೇಲೆ ನಿಲ್ಲಿಸಿ, ಮಾಂಸದಂಗಡಿಯವರಿಂದ ಹಿಡಿದು ಅಂಚೆ ಹಂಚುವವರ ತನಕ ಎಲ್ಲರೂ ಬಾಖ್, ಹೆಂಡೆಲರನ್ನು ಸೋದರಮಾವಂದಿರೆಂಬಂತೆ ಎತ್ತಿ ಆಡಿಕೊಳ್ಳುವ ಹಾಗೆ ಮಾಡಿದವರು ವಿರಳ. ತ್ಯೂರಿಂಗಿಯಾ ಸೀಮೆಯ ವೈಡೆನ್‌ರೋಡ ಎಂಬ ನಮ್ಮ ಹಳ್ಳಿಯ ಚರ್ಚಿನಲ್ಲಿ ಕಾಂಟರ್ ಆಗಿ, ಅಂದರೆ ಆರ್ಗನ್ ನುಡಿಸುವ, ಗಾಯಕವೃಂದವನ್ನು ಪಳಗಿಸುವ, ಊರಿನ ಸಂಗೀತಕ್ಕೆಲ್ಲ ಹೊಣೆಯಾಗುವ ಹುದ್ದೆಯಲ್ಲಿ ಸೇವೆ ಸಲ್ಲಿಸಿದ ಥೆಕ್ಲಾ ಆಮ್ತೋರ್ ಅವರಿಗೆ ಆ ವಿರಳರ ಸಾಲಿನಲ್ಲಿ ಮೊದಲ ಸ್ಥಾನ ಸಲ್ಲುತ್ತದೆ ಎಂದು ಬರೆದರೆ ಅವರು ಕೋಪಿಸಿಕೊಳ್ಳುತ್ತಾರೆ. ಎರಡನೆಯದು ಎಂದು ಬರೆದರೆ ಊರು ಕೋಪಿಸಿಕೊಳ್ಳುತ್ತದೆ. ಆದ್ದರಿಂದ ಸ್ಥಾನದ ಮಾತು ಬಿಟ್ಟು ಸೇವೆಯ ಮಾತಿಗೆ ಬರುವುದು ಕ್ಷೇಮ.

ಕಳೆದ ಮೇ ತಿಂಗಳಲ್ಲಿ, ಸಂಗೀತಕ್ಕೆಂದೇ ಮೀಸಲಾದ ಭಾನುವಾರದಂದು, ಥೆಕ್ಲಾ ಅವರು ನಿವೃತ್ತರಾದರು. ಸುದೀರ್ಘವಾದ ಆ ಸೇವೆಯ ಕೊನೆಯ ಪಾದದಲ್ಲಿ ಅವರ ನೆಮ್ಮದಿಯನ್ನು ಕೆಡಿಸಿದ ಪ್ರಶ್ನೆ ಒಂದೇ: ಚರ್ಚಿನ ಹಳೆಯ ಆರ್ಗನ್ನಿನ ಶ್ರುತಿ ಇದ್ದ ಹಾಗೆಯೇ ಉಳಿಯುವುದೋ, ಕಾಲಕ್ಕೆ ತಕ್ಕಂತೆ ಇಳಿಯುವುದೋ? ಈ ಲೇಖನ ಹೊರಟಿರುವುದು ಆ ಪ್ರಶ್ನೆಯ ಕಡೆಗೇ. ದಾರಿಯಲ್ಲಿ ಒಂದಿಷ್ಟು ಸುತ್ತಾಡಿದರೆ ಓದುಗರು ಮನ್ನಿಸಬೇಕು, ಏಕೆಂದರೆ ಅಭಿನಂದನೆಗೆ ಪಾತ್ರರಾದವರೂ ನೇರ ದಾರಿಯಲ್ಲಿ ನಡೆದವರಲ್ಲ.

ಜೂಲ್ ಪಟ್ಟಣದ ಬಂದೂಕು ಕಾರ್ಖಾನೆಯ ಕೆಲಸಗಾರರೊಬ್ಬರ ಮಗಳಾದ ಥೆಕ್ಲಾ ಅವರು ಹಾಲೆಯಲ್ಲಿ ಚರ್ಚ್ ಸಂಗೀತವನ್ನು ಅಭ್ಯಾಸ ಮಾಡಿ, 1982ರ ಶರತ್ಕಾಲದಲ್ಲಿ ವೈಡೆನ್‌ರೋಡಕ್ಕೆ ಬಂದರು. ಅಂದಿನ ಕಮ್ಯುನಿಸ್ಟ್ ಸರ್ಕಾರದಲ್ಲಿ ಚರ್ಚಿನ ಕೆಲಸಕ್ಕೆ ಸೇರುವುದೆಂದರೆ ಮೇಲೆ ಬರುವ ದಾರಿಗಳನ್ನೆಲ್ಲ ತಾವೇ ಮುಚ್ಚಿಕೊಂಡಂತೆ. ಅದನ್ನು ತಿಳಿದೇ ಬಂದಿದ್ದ ಆ ತರುಣಿ, ಬಂದ ದಿನ ಯಾರನ್ನೂ ಮಾತಾಡಿಸದೆ ಗ್ಯಾಲರಿಯ ಮೆಟ್ಟಿಲು ಹತ್ತಿ ಆರ್ಗನ್ನಿನ ಮುಂದೆ ಕುಳಿತು ಒಂದು ಮನೆಯನ್ನು, ಅಂದರೆ ಒಂದು ಸ್ವರದ ಕೀಲಿಯನ್ನು, ಒತ್ತಿದರಂತೆ. ಬೆರಳು ಒಂದು ಸ್ವರ ಹೇಳಿತು, ಕಿವಿ ಇನ್ನೊಂದು ಹೇಳಿತು. ಮತ್ತೆ ಒತ್ತಿದರು, ಮತ್ತೆ ಅದೇ. ಮುನ್ನೂರು ವರ್ಷಗಳ ಹಿಂದೆ ಕಟ್ಟಿದ ಆ ಆರ್ಗನ್ನಿನ ಶ್ರುತಿ ಇಂದಿನ ಶ್ರುತಿಗಿಂತ ಅರ್ಧ ಮನೆ ಮೇಲಿತ್ತು. ನಮ್ಮ ಸೀಮೆಯ ಹಳೆಯ ಆರ್ಗನ್ನುಗಳೆಲ್ಲ ಹುಟ್ಟಿನಿಂದ ಹೀಗೆಯೇ. ಉಳಿದ ಊರುಗಳಲ್ಲಿ ಅವನ್ನು ಒಂದಲ್ಲ ಒಂದು ಕಾಲದಲ್ಲಿ ಇಳಿಸಿದ್ದರು. ನಮ್ಮ ಊರಿನವರು ಸೋಮಾರಿಗಳಾದ್ದರಿಂದ ನಮ್ಮದು ಉಳಿದಿತ್ತು.

ಆರ್ಗನ್ ಉಳಿಯಿತು, ಆದರೆ ಅದರ ಜೊತೆಗೆ ಒಂದು ವಿಚಿತ್ರವಾದ ಪದ್ಧತಿಯೂ ಉಳಿಯಿತು. ಊರಿನಲ್ಲಿ ಹಿತ್ತಾಳೆ ಕೊಂಬುಗಳ ಮೇಳವೊಂದಿದೆ. ತಲೆತಲಾಂತರದಿಂದ ಗ್ರೈನರ್ ಮನೆತನದವರೇ ಅದರ ಮುಖ್ಯಸ್ಥರು. ಕೊಂಬುಗಳ ಶ್ರುತಿ ಇಂದಿನದು, ಆರ್ಗನ್ನಿನದು ಅಂದಿನದು. ಎರಡೂ ಒಟ್ಟಿಗೆ ಬಾಯಿ ತೆರೆದರೆ ಬೆಕ್ಕುಗಳ ಜಗಳ. ಆದ್ದರಿಂದ ಹಬ್ಬದ ದಿನಗಳಲ್ಲಿ ಪ್ರಾರ್ಥನಾಗೀತೆಯ ಒಂದು ಚರಣವನ್ನು ಆರ್ಗನ್ ನುಡಿಸುವುದು, ಮುಂದಿನ ಚರಣವನ್ನು ಕೊಂಬಿನ ಮೇಳ ಊದುವುದು, ಹೀಗೆ ಸರದಿಯ ಮೇಲೆ ಸಂಸಾರ ತೂಗಿಸಿಕೊಂಡು ಬಂದಿದ್ದರು. ಸಭೆಯಲ್ಲಿ ಕುಳಿತು ಹಾಡುವ ಊರಿನ ಜನ ಆರ್ಗನ್ನಿನ ಚರಣಕ್ಕೆ ಅರ್ಧ ಮನೆ ಹತ್ತುತ್ತಿದ್ದರು, ಕೊಂಬಿನ ಚರಣಕ್ಕೆ ಅರ್ಧ ಮನೆ ಇಳಿಯುತ್ತಿದ್ದರು. ಹಾಗೆ ಮಾಡುತ್ತಿದ್ದೇವೆಂಬುದು ಅವರಿಗೇ ಗೊತ್ತಿರಲಿಲ್ಲ. ಉಸಿರಾಡುವುದು ಯಾರಿಗಾದರೂ ಗೊತ್ತಾಗುತ್ತದೆಯೇ?

ಹೊರಗಿನಿಂದ ಬಂದವರು ಮಾತ್ರ ಎರಡನೆಯ ಚರಣದ ಮೊದಲ ಸಾಲಿನಲ್ಲಿಯೇ ಎಡವುತ್ತಿದ್ದರು. ಮದುವೆಯಾಗಿ ಬಂದ ಹೊಸ ಅಳಿಯಂದಿರು ಮೊದಲ ಕ್ರಿಸ್ಮಸ್ಸಿಗೆ ಗಂಟಲೆತ್ತಿ ಹಾಡುತ್ತ ಒಬ್ಬೊಬ್ಬರೇ ಮೇಲೆ ಉಳಿದುಬಿಡುವುದನ್ನು ನೋಡುವುದಕ್ಕೆಂದೇ ಕೆಲವರು ಮುಂದಿನ ಬೆಂಚು ಹಿಡಿಯುತ್ತಿದ್ದರು. ಅಳಿಯ ಸರಿಯಾಗಿ ಇಳಿಯುವುದನ್ನು ಕಲಿತ ವರ್ಷ ಅವನನ್ನು ಊರಿನವನೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು.

ಹೊಸ ಹುರುಪಿನ ಥೆಕ್ಲಾ ಅವರು ಮೊದಲ ಚಳಿಗಾಲದಲ್ಲಿಯೇ ಈ ಎರಡು ಮನೆಗಳನ್ನು ಒಂದು ಮಾಡಲು ಹೊರಟರು. ಕೊಂಬಿನವರು ಎಂದಿನಂತೆ ಊದಲಿ, ತಾವು ಆರ್ಗನ್ನಿನಲ್ಲಿ ಅರ್ಧ ಮನೆ ಕೆಳಗಿನಿಂದ ಹಾಡು ಎತ್ತಿದರಾಯಿತು ಎಂಬುದು ಅವರ ಎಣಿಕೆ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಆ ಆರ್ಗನ್ ಲೆಕ್ಕಕ್ಕೆ ಬಗ್ಗುವಂಥದಲ್ಲ. ಹಳೆಯ ಕಾಲದ ಶ್ರುತಿವ್ಯವಸ್ಥೆಯಲ್ಲಿ ಎಲ್ಲ ಮನೆಗಳೂ ಸಮಾನವಲ್ಲ: ಕೆಲವು ಜೇನು, ಕೆಲವು ಒಗರು, ಇನ್ನೊಂದೆರಡರಿಂದ ಹಾಡು ಎತ್ತಿದರೆ ಆರ್ಗನ್ ಊಳಿಡುತ್ತದೆ. ಅಂದಿನ ಹಾಡು ಇಳಿದು ಹೋಗಿ ಕುಳಿತದ್ದು ಊಳಿಡುವ ಮನೆಯಲ್ಲಿಯೇ. ಅಜ್ಜಿಯರು ಕಿವಿ ಮುಚ್ಚಿಕೊಂಡರು. ಆಗ ಮೂವತ್ತೈದರ ಆಸುಪಾಸಿನಲ್ಲಿದ್ದ, ಮಾಂಸದಂಗಡಿಯ ಓಟ್ಮಾರ್ ಗ್ರೈನರ್ ಅವರು ತಮ್ಮ ಕೊಂಬಾದ ಟ್ರೊಂಬೋನನ್ನು ತೊಡೆಯ ಮೇಲಿಟ್ಟುಕೊಂಡು ಗ್ಯಾಲರಿಗೆ ಕೇಳುವ ಹಾಗೆಯೇ ನಕ್ಕರು.

“ಕಾಂಟರಮ್ಮ, ಹಂದಿ ಕೊಯ್ಯೋ ದಿನಾನೂ ನಮ್ಮನೇಲಿ ಇಷ್ಟು ಸದ್ದು ಆಗಲ್ಲ.”

ಊರೆಲ್ಲ ಈ ಮಾತನ್ನು ಹೇಳಿಕೊಂಡು ನಕ್ಕಿತು. ಥೆಕ್ಲಾ ಅವರೂ ನಕ್ಕರು. ಆದರೆ ಅಂದಿನಿಂದ ಕೊಂಬಿನ ಮೇಳದ ತಾಲೀಮಿಗೆ ಅವರು ಹೆಜ್ಜೆಯಿಡಲಿಲ್ಲ, ಓಟ್ಮಾರ್ ಅವರು ಗ್ಯಾಲರಿಯ ಮೆಟ್ಟಿಲು ಹತ್ತಲಿಲ್ಲ. ಜಗಳವೇನಲ್ಲ. ಥೆಕ್ಲಾ ಅವರ ಮನೆಗೆ ಪ್ರತಿ ಶನಿವಾರ ಒಳ್ಳೆಯ ಸಾಸೇಜು ಅದೇ ಅಂಗಡಿಯಿಂದ ಹೋಗುತ್ತಿತ್ತು, ಓಟ್ಮಾರ್ ಅವರ ಮಕ್ಕಳ ಮದುವೆಗಳಲ್ಲಿ ಆರ್ಗನ್ ಮೊಳಗಿತು. ಇಬ್ಬರಿಗೂ ಇದ್ದದ್ದು ಬಿಗುಮಾನ, ಅದಕ್ಕೆ ಆಯುಸ್ಸು ಜಾಸ್ತಿ.

ಥೆಕ್ಲಾ ಅವರ ನಿಜವಾದ ಕೀರ್ತಿ ಹಬ್ಬಿದ್ದು ಚಳಿಗಾಲದ ಸಂಜೆಗಳಿಂದ. ಗಾಯಕವೃಂದದ ಅಭ್ಯಾಸಕ್ಕೆ ಮುನ್ನ, ಆಲೂಗಡ್ಡೆಯ ಕಡುಬಿಗಾಗಿ ಎಲ್ಲರೂ ಕುಳಿತು ಸಿಪ್ಪೆ ತೆಗೆಯುವಾಗ, ಅವರು ಒಬ್ಬೊಬ್ಬ ಸಂಗೀತಗಾರನ ಬದುಕನ್ನು ಕಥೆ ಮಾಡಿ ಹೇಳುತ್ತಿದ್ದರು. ಹತ್ತನೆಯ ವಯಸ್ಸಿಗೇ ತಂದೆ ತಾಯಿಯರಿಬ್ಬರನ್ನೂ ಕಳೆದುಕೊಂಡು ಓರ್‌ಡ್ರುಫ್‌ನ ಅಣ್ಣನ ಮನೆ ಸೇರಿದ ಬಾಖ್. ಮಗ ಸಂಗೀತಕ್ಕೆ ಬಿದ್ದು ದೊಂಬರಾಟದವನಾಗುತ್ತಾನೆಂದು ಹೆದರಿ ವಾದ್ಯಗಳನ್ನೆಲ್ಲ ಕಿತ್ತಿಟ್ಟ ತಾಯಿಯ ಕಣ್ಣು ತಪ್ಪಿಸಿ ಕಲಿತ ಟೆಲೆಮಾನ್. ವಕೀಲನಾಗು ಎಂಬ ತಂದೆಯ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ ಹೆಂಡೆಲ್. ಇವರೆಲ್ಲ ನಡೆದಾಡಿದ ಊರುಗಳು ನಮ್ಮ ಬಸ್ಸು ಹೋಗುವ ಊರುಗಳೇ ಆದ್ದರಿಂದ, ಕೇಳುವವರು ಭಕ್ತಿಯಿಂದಲ್ಲ, ನೆಂಟರ ಸುದ್ದಿ ಕೇಳುವ ಕುತೂಹಲದಿಂದ ಕೇಳುತ್ತಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ಹೆಂಡೆಲ್ ತವರಿಗೆ ಬಂದಿದ್ದಾನೆಂದು ತಿಳಿದು ಬಾಖ್ ಹಾಲೆಗೆ ಹೋದದ್ದು, ಅಷ್ಟರಲ್ಲಿ ಹೆಂಡೆಲ್ ಹೊರಟುಹೋಗಿದ್ದದ್ದು, ಒಂದೇ ವರ್ಷ ಹುಟ್ಟಿದ ಇಬ್ಬರು ಮಹಾನುಭಾವರು ಜೀವಮಾನದಲ್ಲಿ ಒಮ್ಮೆಯೂ ಮುಖ ನೋಡದೆ ಹೋದದ್ದು, ಇದನ್ನು ಹೇಳಿದ ಸಂಜೆ ಕೆಳಶ್ರುತಿಯ ಹೆಂಗಸರ ಸಾಲಿನ ವಾಲ್ಬುರ್ಗಾ ಅವರಿಗೆ ಸಿಟ್ಟೇ ಬಂತು.

“ಅಷ್ಟು ದೂರದಿಂದ ಬರ್ತಿದಾನೆ ಅಂತ ಗೊತ್ತಿದ್ಮೇಲೆ ಒಂದು ದಿನ ಕಾಯಕ್ಕೆ ಏನಾಗಿತ್ತಂತೆ ಆ ಹೆಂಡೆಲ್‌ಗೆ? ಅವರಮ್ಮ ಆದ್ರೂ ಹೇಳ್ಬಾರ್ದಿತ್ತಾ, ಇರೋ ಮಗಾ, ಊಟ ಮಾಡ್ಕೊಂಡ್ ಹೋಗು ಅಂತ?”

“ಅವನಿಗೆ ಗೊತ್ತಿತ್ತೋ ಇಲ್ವೋ, ಯಾರಿಗೆ ಗೊತ್ತು,” ಎಂದರು ಥೆಕ್ಲಾ.

“ಗೊತ್ತಿರುತ್ತೆ ಬಿಡಿ. ಲಂಡನ್ನಿಗೆ ಹೋದೋರೆಲ್ಲ ಹಂಗೇನೆ.”

1985ರಲ್ಲಿ ಬಾಖ್, ಹೆಂಡೆಲರ ಮುನ್ನೂರನೆಯ, ಅವರಿಗೂ ಹಿಂದಿನ ಸಂಗೀತಗಾರ ಶ್ಯೂಟ್ಸನ ನಾನೂರನೆಯ ಜನ್ಮೋತ್ಸವ ಒಟ್ಟಿಗೇ ಬಂದಾಗ ಸರ್ಕಾರವೂ ಎಚ್ಚೆತ್ತಿತು. ಜಿಲ್ಲೆಯಿಂದ ಬಂದ ಪಕ್ಷದ ಅಧಿಕಾರಿಯೊಬ್ಬರು ನಮ್ಮ ಚರ್ಚಿನ ಅಂಗಳದಲ್ಲಿ ನಿಂತು, ಬಾಖ್ ದುಡಿಯುವ ಜನರ ಮುಂದಾಳು ಎಂದು ಭಾಷಣ ಮಾಡಿದರು. ಭಾಷಣ ಮುಗಿದ ಮೇಲೆ ಥೆಕ್ಲಾ ಅವರು ಗಂಭೀರವಾಗಿ ಎದ್ದು, ಬಾಖ್ ಆರ್ನ್‌ಷ್ಟಾಟಿನಲ್ಲಿ ಕೆಲಸಕ್ಕಿದ್ದಾಗ ನಾಲ್ಕು ವಾರ ರಜೆ ಕೇಳಿ, ಬುಕ್ಸ್ಟೆಹೂಡೆಯ ವಾದನ ಕೇಳಲು ಲ್ಯೂಬೆಕ್‌ವರೆಗೆ ನಡೆದುಹೋಗಿ, ನಾಲ್ಕು ತಿಂಗಳಾದರೂ ಹಿಂದಿರುಗದೆ ಬೈಸಿಕೊಂಡದ್ದನ್ನು ವಿವರಿಸಿ, ದುಡಿಯುವ ಜನರು ಇದನ್ನು ಮಾದರಿಯಾಗಿ ತೆಗೆದುಕೊಳ್ಳಬಹುದೇ ಎಂದು ವಿನಯದಿಂದ ಕೇಳಿದರು. ಅಧಿಕಾರಿ ಬೇಗ ಹೊರಟರು.

ದೇಶವನ್ನು ಇಬ್ಭಾಗ ಮಾಡಿದ್ದ ಗೋಡೆ ಬಿದ್ದ ಮೇಲೆ ಬಂದ ಕಷ್ಟ ಬೇರೆ ತೆರನಾದದ್ದು. ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದವರಿಂದಾಗಿ ಗಾಯಕವೃಂದದ ಬೆಂಚುಗಳು ಒಂದೊಂದೇ ಬರಿದಾದವು. ಗಂಡುದನಿಗಳಂತೂ ಬೆರಳೆಣಿಕೆಗೆ ಇಳಿದವು. ಗಾಯನವನ್ನೇ ನಿಲ್ಲಿಸೋಣ, ಇದ್ದವರಿಗೆ ಅವಮಾನ ಎಂದು ಕೆಲವರು ಹೇಳಿದಾಗ ಥೆಕ್ಲಾ ಅವರು ಶ್ಯೂಟ್ಸನನ್ನು ಕರೆತಂದರು. ಮೂವತ್ತು ವರ್ಷಗಳ ಯುದ್ಧದಲ್ಲಿ ಹಾಡುವವರು ಸತ್ತು, ಚದುರಿ, ಆಸ್ಥಾನಗಳು ಬರಿದಾದಾಗ ಆ ಮಹಾಶಯ ದೊಡ್ಡ ಮೇಳದ ಆಸೆ ಬಿಟ್ಟು, ಒಂದೆರಡು ಕಂಠಗಳಿಗೂ ಒಂದು ಆರ್ಗನ್ನಿಗೂ ಸಾಕಾಗುವಂತೆ ಬರೆದ. “ಅವನಿಗೂ ಜನ ಇರ್ಲಿಲ್ಲ, ನಮಗೂ ಇಲ್ಲ. ಇರೋರು ಹಾಡೋಣ,” ಎಂದರು ಥೆಕ್ಲಾ. ಆ ವರ್ಷಗಳಲ್ಲಿ ಅರೆಬರೆ ಖಾಲಿ ಚರ್ಚಿನಲ್ಲಿ ಕೇಳಿದ ಹಾಡುಗಾರಿಕೆ ನಮ್ಮೂರು ಎಂದೂ ಕೇಳದಷ್ಟು ಚೆನ್ನಾಗಿತ್ತು.

ಅವರ ಅಂತಃಕರಣದ ಬಗ್ಗೆ ಹೇಳಬೇಕಾದದ್ದು ಬೇಕಾದಷ್ಟಿದ್ದರೂ ಒಂದನ್ನೇ ಹೇಳುತ್ತೇವೆ. ವಾಲ್ಬುರ್ಗಾ ಅವರ ಪತಿ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಬರುವುದನ್ನೂ ಹಾಡುವುದನ್ನೂ ಬಿಟ್ಟಿದ್ದರು. ಹೋದವರೆಲ್ಲ ಸಮಾಧಾನ ಹೇಳಿ ಬಂದರು. ಸಮಾಧಾನ ಕೇಳಿ ಕೇಳಿ ವಾಲ್ಬುರ್ಗಾ ಇನ್ನಷ್ಟು ಕುಗ್ಗಿದರು. ಥೆಕ್ಲಾ ಅವರು ಹೋದದ್ದು ಎಲ್ಲರ ಕೊನೆಯಲ್ಲಿ. ಅಡುಗೆಮನೆಯಲ್ಲಿ ಕುಳಿತು, ಎರ್ಫುರ್ಟಿನ ಪಾಖೆಲ್‌ಬೆಲ್ ಎಂಬ ತರುಣ ವಾದಕ ಒಂದೇ ಪ್ಲೇಗಿನಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡ ಕಥೆ ಹೇಳಿದರು. ಆಮೇಲೆ ಅವನು ಏನು ಮಾಡಿದ ಎಂದು ವಾಲ್ಬುರ್ಗಾ ಕೇಳಿದಾಗ, “ಮಾರನೇ ಭಾನುವಾರಾನೂ ಚರ್ಚಿತ್ತಲ್ಲ, ನುಡಿಸಿರ್ಬೇಕು,” ಎಂದಷ್ಟೇ ಹೇಳಿ ಎದ್ದು ಬಂದರು. ವಾಲ್ಬುರ್ಗಾ ಮುಂದಿನ ಗುರುವಾರದ ಅಭ್ಯಾಸಕ್ಕೆ ಬಂದು ತಮ್ಮ ಜಾಗದಲ್ಲಿ ಕುಳಿತರು. ಎಂಬತ್ತು ದಾಟಿದ ಈಗಲೂ ಅಲ್ಲಿಯೇ ಕುಳಿತಿದ್ದಾರೆ, ಪಕ್ಕದವರ ತಪ್ಪುಗಳನ್ನು ತಿದ್ದುತ್ತಾರೆ.

ಈಗ ಆರ್ಗನ್ನಿನ ವಿಷಯ. ಲೂಥರನ ಧರ್ಮಸುಧಾರಣೆಯ ಐನೂರನೆಯ ವರ್ಷವಾದ 2017ರಲ್ಲಿ ಹಳೆಯ ಚರ್ಚುಗಳಿಗೆ ನೆರವು ಹರಿದುಬಂತು. ತಿದಿ ಹರಿದು, ಕೊಳವೆಗಳು ಬಾಗಿ ಏದುಸಿರು ಬಿಡುತ್ತಿದ್ದ ನಮ್ಮ ಆರ್ಗನ್ನಿಗೂ ದುರಸ್ತಿಯ ಯೋಗ ಕೂಡಿತು. ಪರೀಕ್ಷಿಸಲು ಬಂದ ಆರ್ಗನ್ ಕುಶಲಿಗಳು ಒಂದು ಮಾತನ್ನು ಸೇರಿಸಿದರು: ಹೇಗೂ ಎಲ್ಲವನ್ನೂ ಬಿಚ್ಚುತ್ತಿದ್ದೇವೆ, ಬೇಕಿದ್ದರೆ ಪ್ರತಿ ಕೊಳವೆಯನ್ನೂ ಪಕ್ಕದ ಮನೆಗೆ ಸರಿಸಿ, ಸಾಲಿಗೊಂದರಂತೆ ದೊಡ್ಡ ಕೊಳವೆಗಳನ್ನು ಹೊಸದಾಗಿ ಕೂಡಿಸಿ, ಶ್ರುತಿಯನ್ನು ಅರ್ಧ ಮನೆ ಇಳಿಸಿ, ಮನೆಗಳನ್ನೆಲ್ಲ ಇಂದಿನಂತೆ ಸಮ ಮಾಡಿಕೊಡುತ್ತೇವೆ, ಆಗ ಎಲ್ಲ ವಾದ್ಯಗಳ ಜೊತೆಗೂ ನುಡಿಸಬಹುದು, ಯಾವ ಮನೆಯಿಂದ ಹಾಡು ಎತ್ತಿದರೂ ಊಳಿಡುವುದಿಲ್ಲ. ಚರ್ಚಿನ ಸಮಿತಿಯವರ ಮುಖಗಳು ಅರಳಿದವು. ಸಮಿತಿಯಲ್ಲಿದ್ದ ಓಟ್ಮಾರ್ ಗ್ರೈನರ್ ಅವರ ಕಣ್ಣಂತೂ ಒದ್ದೆಯಾಯಿತು.

“ನಮ್ಮಜ್ಜ ಆ ಆರ್ಗನ್ ಜೊತೆ ಊದಲಿಲ್ಲ. ನಮ್ಮಪ್ಪನೂ ಊದಲಿಲ್ಲ. ನಂಗೆ ಎಪ್ಪತ್ತಾಯ್ತು,” ಎಂದರು ಓಟ್ಮಾರ್. “ಹಲ್ಲು ಗಟ್ಟಿ ಇರೋವಾಗ್ಲೇ ಒಂದ್ಸಲ ಜೊತೇಲಿ ಊದ್ಬೇಕು ಅಂತ ಆಸೆ. ಹಲ್ಲು ಹೋದ್ಮೇಲೆ ಟ್ರೊಂಬೋನಲ್ಲಿ ಗಾಳಿ ಬಿಟ್ರೆ ಬೇರೇನೂ ಬರಲ್ಲ.”

ಥೆಕ್ಲಾ ಅವರಿಗೆ ಆ ಆಸೆಯ ಭಾರ ತಿಳಿಯದೆ ಇರಲಿಲ್ಲ. ಆದರೆ ಅವರ ಎದೆಯಲ್ಲಿ ಕುಳಿತದ್ದು ಬೇರೆ ಭಾರ. ಬಾಖ್, ಪಾಖೆಲ್‌ಬೆಲ್‌ರ ಕಾಲದ ಜನ ಕೇಳಿದ ದನಿ, ಆ ಜೇನು, ಆ ಒಗರು, ಈ ಸುತ್ತಮುತ್ತಿನಲ್ಲಿ ಕೈ ಹಾಕಿಸಿಕೊಳ್ಳದೆ ಉಳಿದಿದ್ದದ್ದು ಇದೊಂದರಲ್ಲಿಯೇ. ತಾನು ಜೀವಮಾನವಿಡೀ ಹೇಳಿದ ಕಥೆಗಳಿಗೆಲ್ಲ ಸಾಕ್ಷಿಯಾಗಿ ಇದ್ದದ್ದು ಅದು. ಒಮ್ಮೆ ಕೊಳವೆಗಳನ್ನು ಸರಿಸಿದರೆ ಮತ್ತೆ ಯಾರೂ ಹಿಂದಕ್ಕೆ ಸರಿಸುವುದಿಲ್ಲ. ನಿವೃತ್ತಿಗೆ ಎರಡು ವರ್ಷವೂ ಇಲ್ಲದ ತಾನು, ಕೈಗೆ ಬಂದದ್ದನ್ನು ಬಂದ ಹಾಗೆಯೇ ದಾಟಿಸದೆ ಹೋಗುವುದೇ?

“ಆರ್ಗನ್ ಇಳಿಯೋದು ಬೇಡ, ಓಟ್ಮಾರ್,” ಎಂದರು. “ಹಳಬರು ಹೆಂಗ್ ಮಾಡ್ತಿದ್ರೋ ಹಂಗೇ ಮಾಡೋಣ. ಲೈಪ್‌ಜಿಗ್‌ನಲ್ಲಿ ಬಾಖ್ ಪಿಟೀಲಿನೋರಿಗೆ ಒಂದು ಮನೇಲಿ, ಆರ್ಗನ್ನಿಗೆ ಇನ್ನೊಂದು ಮನೇಲಿ ಬರ್ಸಿ ಕೊಡ್ತಿದ್ದ. ಕೆಲವು ಹಾಡಿಗೆ ನಾನು ಅರ್ಧ ಮನೆ ಇಳೀತೀನಿ, ಊಳಿಡೋ ಮನೆ ಬಂದಾಗ ನೀವು ಅರ್ಧ ಮನೆ ಹತ್ತಿ. ಇಬ್ಬರೂ ಸ್ವಲ್ಪ ಸ್ವಲ್ಪ ಜರುಗಿದ್ರೆ ಆರ್ಗನ್ ಜರುಗಬೇಕಾಗಿಲ್ಲ.”

“ಇಷ್ಟು ವರ್ಷ ಇದನ್ನ ಯಾಕೆ ಹೇಳಲಿಲ್ಲ?”

“ಮೊದಲನೇ ವರ್ಷ ಹಂದಿ ಕಥೆ ಹೇಳಿ ನಕ್ಕಿದ್ರಲ್ಲ. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಸಮಿತಿಯವರು ಕಾಫಿಯ ಲೋಟಗಳನ್ನು ಮತ್ತೆ ತುಂಬಿಸಿಕೊಂಡರು. ಕೊನೆಗೆ ಪಾದ್ರಿ ರುಪ್ರೆಖ್ತ್ ಅವರು ಒಂದು ದಾರಿ ಹೇಳಿದರು: ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂಟ್ ವಾರಗಳ ಮೊದಲ ಭಾನುವಾರ ಪ್ರಾರ್ಥನಾಗೀತೆಯನ್ನು ಆರ್ಗನ್ನೂ ಕೊಂಬಿನ ಮೇಳವೂ ಕೂಡಿ ನುಡಿಸಲಿ, ಊರಿನ ಕಿವಿ ಒಪ್ಪಿದರೆ ಶ್ರುತಿ ಇದ್ದಂತೆಯೇ ಇರಲಿ, ಒಪ್ಪದಿದ್ದರೆ ಇಳಿಸಲಿ, ಅಂದೇ ಸಮಿತಿ ಕುಳಿತು ತೀರ್ಮಾನ ಮಾಡಲಿ. ಹೀಗೆ ಮುನ್ನೂರು ವರ್ಷಗಳ ದನಿಯೊಂದರ ಹಣೆಬರಹ ಒಂದು ಹಾಡಿನ ನಾಲ್ಕು ಚರಣಗಳ ಮೇಲೆ ಬಂದು ನಿಂತಿತು.

ಮಾಂಸದಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುವ ಕೊಂಬಿನ ತಾಲೀಮಿಗೆ ಥೆಕ್ಲಾ ಅವರು ಎಷ್ಟೋ ವರ್ಷಗಳ ನಂತರ ಕಾಲಿಟ್ಟರು. ಆರಿಸಿಕೊಂಡ ಹಾಡಿಗೆ ಅರ್ಧ ಮನೆ ಹತ್ತಬೇಕಾದವರು ಕೊಂಬಿನವರು. ಲೆಕ್ಕದ ಪ್ರಕಾರ ಕೊಂಬುಗಳಿಗೆ ಅದು ಇನ್ನೂ ಸಲೀಸಾದ ಮನೆಯೇ. ಆದರೆ ಹಾಡುಗಳನ್ನೆಲ್ಲ ಅಪ್ಪಂದಿರನ್ನು ನೋಡಿ ಕಲಿತಿದ್ದ ಅವರ ಕೈಗಳು ಹಳೆಯ ಜಾಗಕ್ಕೇ ಓಡುತ್ತಿದ್ದವು. “ಬಾಯಿ ನಂದು, ಕೈ ನಮ್ಮಪ್ಪಂದು, ಏನ್ ಮಾಡ್ಲಿ,” ಎಂದು ಓಟ್ಮಾರ್ ಗೊಣಗಿದರು. ಬಾಖ್ ಆರ್ನ್‌ಷ್ಟಾಟಿನಲ್ಲಿ ಒಬ್ಬ ವಾದಕನನ್ನು ಮೇಕೆಯ ಹಾಗೆ ಊದುತ್ತೀಯೆಂದು ಬೈದು ಬೀದಿಯಲ್ಲಿ ಕೈಕೈ ಮಿಲಾಯಿಸಿದ ಕಥೆಯನ್ನು ಥೆಕ್ಲಾ ಹೇಳಿದ್ದೇ ತಡ, ತಪ್ಪಿದವರನ್ನೆಲ್ಲ ಮೇಳದವರು ಮೇಕೆ ಎಂದು ಕರೆಯತೊಡಗಿದರು. ಚಳಿ ಬೀಳುವ ಹೊತ್ತಿಗೆ ಎಲ್ಲರೂ ಸರದಿಯ ಮೇಲೆ ಮೇಕೆಗಳಾಗಿ, ಕೊನೆಗೆ ಒಬ್ಬರೂ ಮೇಕೆಯಾಗದ ಒಂದು ಸಂಜೆಯೂ ಬಂತು. ಥೆಕ್ಲಾ ಅವರು ಕೇಳದಿದ್ದರೂ ಓಟ್ಮಾರ್ ಎರಡು ಸಾಸೇಜು ಕಟ್ಟಿಕೊಟ್ಟರು.

ಹೀಗೆ ಆರ್ಗನ್ನು ಸಿದ್ಧವಾಯಿತು, ಕೊಂಬುಗಳು ಸಿದ್ಧವಾದವು. ಊರಿನ ಗಂಟಲಿಗೂ ತಾಲೀಮು ಬೇಕಾದೀತೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಆ ಭಾನುವಾರ ಮೊದಲ ಮೇಣದ ಬತ್ತಿ ಹತ್ತಿಸಿದ ಮೇಲೆ ಹಾಡು ಎದ್ದಿತು. ಮೊದಲನೆಯ ಚರಣ ಆರ್ಗನ್ನಿನದು. ಊರು ಚೆನ್ನಾಗಿ ಹಾಡಿತು. ಎರಡನೆಯ ಚರಣಕ್ಕೆ ಆರ್ಗನ್ ಮುಂದುವರಿಯುತ್ತಿದ್ದಂತೆಯೇ ಕೊಂಬುಗಳು ಬಂದು ಕೂಡಿಕೊಂಡವು, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ. ಆ ಕ್ಷಣದಲ್ಲಿಯೇ ಕೆಳಗೆ ಕುಳಿತ ಇಡೀ ಊರು, ಕೊಂಬಿನ ಸದ್ದು ಕಿವಿಗೆ ಬಿದ್ದದ್ದೇ, ಹೆತ್ತವರಿಂದ ಬಂದ ಅಭ್ಯಾಸದಂತೆ ಒಟ್ಟಾಗಿ, ನಿಷ್ಠೆಯಿಂದ, ಅರ್ಧ ಮನೆ ಕೆಳಗೆ ಇಳಿಯಿತು.

ಥೆಕ್ಲಾ ಅವರು ಮೊದಲು ತಮ್ಮ ಕೈಗಳನ್ನು ನೋಡಿಕೊಂಡರು. ತಪ್ಪು ಅಲ್ಲಿರಲಿಲ್ಲ. ಕೆಳಗೆ ಮೇಳದೊಡನೆ ಕುಳಿತಿದ್ದ ಓಟ್ಮಾರ್ ಅವರನ್ನು ನೋಡಿದರು; ಅವರ ಕೆನ್ನೆಗಳು ಉಬ್ಬಿ ಕೆಂಪಾಗಿದ್ದವು, ತಪ್ಪು ಅಲ್ಲಿಯೂ ಇರಲಿಲ್ಲ. ಕೆಳಗೆ ಜನ ಕಂಗಾಲಾಗಿ, ಸರಿಪಡಿಸಲೆಂದು ಇನ್ನೂ ಗಟ್ಟಿಯಾಗಿ ಹಾಡುತ್ತಿದ್ದರು. ಮೂರನೆಯ ಚರಣ ಆರ್ಗನ್ನಿನದೊಂದೇ ಆದ್ದರಿಂದ ಊರು ಮತ್ತೆ ಹತ್ತಿ ಸರಿಯಾಯಿತು. ನಾಲ್ಕನೆಯದಕ್ಕೆ ಕೊಂಬು ಬಂತು, ಊರು ಮತ್ತೆ ಇಳಿಯಿತು. ಗಾಯಕವೃಂದದಲ್ಲಿಯೇ ಅರ್ಧ ಜನ ಇಳಿದರು; ವಾಲ್ಬುರ್ಗಾ ಎಲ್ಲರಿಗಿಂತ ಮೊದಲು ಇಳಿದು, ಇಳಿಯದವರನ್ನು ಮೊಣಕೈಯಿಂದ ತಿವಿದರು. ಬಾಖನ ಮೇಲೂ ಆರ್ನ್‌ಷ್ಟಾಟಿನವರು ಸಭೆಯನ್ನು ಗಲಿಬಿಲಿ ಮಾಡುತ್ತಾನೆಂದು ದೂರು ಕೊಟ್ಟಿದ್ದರು ಎಂಬುದು ಥೆಕ್ಲಾ ಅವರಿಗೆ ನೆನಪಾಯಿತಂತೆ. ಸಮಾಧಾನವೇನೂ ಆಗಲಿಲ್ಲ. ಹಾಡು ಮುಗಿದಾಗ ಕಾಲುಗಳನ್ನು ಪೆಡಲುಗಳಿಂದ ಎತ್ತಿದರು. ಎಲ್ಲ ಮುಗಿಯಿತು ಎಂದುಕೊಂಡರು.

ಪ್ರಾರ್ಥನೆಯಾದ ಮೇಲೆ ಸಮಿತಿ ಸೇರಿತು. ಮೇಜಿನ ಮೇಲೆ ಹಬ್ಬದ ಷ್ಟೊಲ್ಲೆನ್ ರೊಟ್ಟಿಯಿತ್ತು, ಯಾರೂ ಮುಟ್ಟಲಿಲ್ಲ. ಶಾಲೆಯ ಮಾಸ್ತರರೊಬ್ಬರು ಗಂಟಲು ಸರಿಪಡಿಸಿಕೊಂಡು, ಕಾಂಟರಮ್ಮನವರ ಶ್ರಮಕ್ಕೆ ನಾವೆಲ್ಲ ಋಣಿಗಳು, ಆದರೆ ಊರಿನ ಕಿವಿ ಒಪ್ಪಲಿಲ್ಲವೆಂಬುದು ಸ್ಪಷ್ಟ, ಆದ್ದರಿಂದ ಶ್ರುತಿಯನ್ನು ಇಳಿಸುವುದೇ ಸರಿ ಎಂದರು. ತಲೆಗಳು ಆಡಿದವು. ಆಗ ಓಟ್ಮಾರ್ ಮೆಲ್ಲನೆ ಎದ್ದರು.

“ಒಂದು ಮಾತು ಕೇಳ್ತೀನಿ ಮಾಸ್ತರೇ. ಇವತ್ತು ಆರ್ಗನ್ ತಪ್ಪಿತಾ?”

“ಇಲ್ಲ.”

“ನಮ್ಮ ಮೇಳ ತಪ್ಪಿತಾ?”

“ಇಲ್ಲ, ನೀವು ಸರಿಯಾಗೇ ಊದಿದ್ರಿ.”

“ಹಂಗಾದ್ರೆ ತಪ್ಪಿದ್ದು ನೀವು. ನೀವೂ, ನಮ್ಮ ಮನೆಯೋಳೂ, ಈ ಪೂರಾ ಊರೂ. ನಾಳೆ ಆರ್ಗನ್ನ ಕೆಳಗಿಳಿಸ್ತೀರಿ, ಸರಿ. ನಾನು ಟ್ರೊಂಬೋನ್ ಬಾಯಿಗಿಟ್ಟ ತಕ್ಷಣ ನೀವು ಅದಕ್ಕಿಂತ ಅರ್ಧ ಮನೆ ಕೆಳಗಿಳೀತೀರಿ. ಆಮೇಲೆ ಆರ್ಗನ್ನ ಇನ್ನೊಂದ್ಸಲ ಇಳಿಸ್ತೀರಾ? ಎಲ್ಲೀವರ್ಗೂ ಇಳಿಸ್ತೀರಾ, ನೆಲಮಾಳಿಗೇವರ್ಗೂ?”

ಪಾದ್ರಿಯವರು ನಗು ತಡೆಯಲಾರದೆ ಕಿಟಕಿಯ ಕಡೆಗೆ ತಿರುಗಿದರು. ಓಟ್ಮಾರ್ ಕುಳಿತುಕೊಳ್ಳದೆ, ತುಸು ತಗ್ಗಿದ ದನಿಯಲ್ಲಿ ಇನ್ನೂ ಒಂದು ಮಾತು ಸೇರಿಸಿದರು.

“ನೀವೆಲ್ಲ ಕಿರುಚ್ತಾ ಇದ್ರಿ, ನಿಮಗೆ ಕೇಳಿಸ್ಲಿಲ್ಲ. ನಂಗೆ ಕೇಳಿಸ್ತು. ಆರ್ಗನ್ನೂ ನಂದೂ ಒಂದೇ ಆದಾಗ ಟ್ರೊಂಬೋನ್ ಕೈಯಲ್ಲೇ ನಡುಗ್ತು. ನಮ್ಮಪ್ಪಂಗೆ ಸಿಗ್ಲಿಲ್ಲ ಅದು. ಆ ಆರ್ಗನ್ನಿಗೆ ಯಾರೂ ಕೈ ಹಚ್ಬೇಡಿ.”

ಶ್ರುತಿ ಇದ್ದಂತೆಯೇ ಇರತಕ್ಕದ್ದೆಂದು ಸಮಿತಿ ತೀರ್ಮಾನಿಸಿತು. ಮಾಸ್ತರರೂ ಕೈಯೆತ್ತಿದರು. ಥೆಕ್ಲಾ ಅವರು ಚಾಕು ಎತ್ತಿಕೊಂಡರು. ಷ್ಟೊಲ್ಲೆನ್ನಿನ ಒಂದು ಹೋಳು ಕತ್ತರಿಸಿ ಓಟ್ಮಾರ್ ಅವರ ತಟ್ಟೆಗೆ ಹಾಕಿದರು. ಅವರು ಅದನ್ನು ತಿಂದು, ಬಾಯಿ ಒರೆಸಿಕೊಂಡು, “ಜನ ಇಲ್ದೆ ಒಂದ್ಸಲ ನುಡಿಸೋಣ್ವಾ?” ಎಂದು ಕೇಳಿದರು.

ಇಬ್ಬರೂ ಚರ್ಚಿಗೆ ಹೋದರು. ಓಟ್ಮಾರ್ ಅವರು ಬಹಳ ವರ್ಷಗಳ ನಂತರ ಗ್ಯಾಲರಿಯ ಮೆಟ್ಟಿಲು ಹತ್ತಿದರು, ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಹಾಡಿನ ಎಲ್ಲ ಚರಣಗಳನ್ನೂ ಕೂಡಿ ನುಡಿಸಿದರು. ಖಾಲಿ ಬೆಂಚುಗಳ ಮೇಲೆ ಮಧ್ಯಾಹ್ನದ ಬಿಸಿಲಿತ್ತು. ಮುಗಿದ ಮೇಲೆ ಥೆಕ್ಲಾ ಅವರು ಬೆಂಚಿನ ಮೇಲೆ ತಿರುಗಿ ಕುಳಿತು ನೋಡಿದಾಗ ಓಟ್ಮಾರ್ ಅಳುತ್ತಿದ್ದರು, ಅದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಥೆಕ್ಲಾ ಅವರೂ ಅತ್ತರು. ಇಬ್ಬರೂ ಈ ಸಂಗತಿಯನ್ನು ಅಲ್ಲಗಳೆಯುವುದಿಲ್ಲವಾದ್ದರಿಂದ ಇಲ್ಲಿ ಬರೆಯಲು ಧೈರ್ಯ ಮಾಡಿದ್ದೇವೆ.

ದುರಸ್ತಿ ಮುಗಿದು ಆರ್ಗನ್ನು ಈಗ ಏದುಸಿರಿಲ್ಲದೆ, ಹುಟ್ಟಿದಾಗಿನ ಶ್ರುತಿಯಲ್ಲಿಯೇ ನುಡಿಯುತ್ತಿದೆ. ಹೊಸ ಕಾಂಟರ್ ಬಂದಿದ್ದಾರೆ, ಚೆನ್ನಾಗಿ ನುಡಿಸುತ್ತಾರೆ. ಹಬ್ಬದ ದಿನಗಳಲ್ಲಿ ಆರ್ಗನ್ನೂ ಕೊಂಬುಗಳೂ ಕೂಡಿಯೇ ಮೊಳಗುತ್ತವೆ. ಊರಿನ ಗಂಟಲನ್ನು ತಿದ್ದುವ ಕೆಲಸವನ್ನು ನಿವೃತ್ತರಾದ ಥೆಕ್ಲಾ ಅವರು ತಾವೇ ವಹಿಸಿಕೊಂಡಿದ್ದಾರೆ. ಈಗ ಅವರು ಕುಳಿತುಕೊಳ್ಳುವುದು ಗ್ಯಾಲರಿಯಲ್ಲಲ್ಲ, ಕೆಳಗೆ ಮೊದಲನೆಯ ಬೆಂಚಿನಲ್ಲಿ. ಎರಡನೆಯ ಚರಣಕ್ಕೆ ಕೊಂಬು ಬರುವ ಹೊತ್ತಿಗೆ ಎದ್ದು ನಮ್ಮ ಕಡೆಗೆ ತಿರುಗಿ, ಬೀಳುವ ಮಗುವನ್ನು ಹಿಡಿಯುವವರಂತೆ ಎರಡೂ ಅಂಗೈಗಳನ್ನು ಎತ್ತಿ ಹಿಡಿಯುತ್ತಾರೆ. ಆ ಕೈಗಳನ್ನು ನೋಡುತ್ತ ಒಂದಿಷ್ಟು ಜನ ಮೇಲೆಯೇ ನಿಲ್ಲುತ್ತೇವೆ. ಉಳಿದವರು ಇಳಿಯುತ್ತಾರೆ.

ಬಾಖ್, ಹೆಂಡೆಲ್, ಶ್ಯೂಟ್ಸರನ್ನು ನಮ್ಮ ಮನೆಯವರನ್ನಾಗಿ ಮಾಡಿಕೊಟ್ಟ ಥೆಕ್ಲಾ ಆಮ್ತೋರ್ ಅವರಿಗೆ ಆರೋಗ್ಯವೂ ಆಯುಸ್ಸೂ ಧಾರಾಳವಾಗಿ ಒದಗಲಿ. ಇಡೀ ವೈಡೆನ್‌ರೋಡ ಒಂದೇ ಶ್ರುತಿಯಲ್ಲಿ ನಾಲ್ಕು ಚರಣಗಳನ್ನೂ ಹಾಡಿ ಮುಗಿಸುವ ದಿನದವರೆಗೆ ಅವರು ಆ ಮೊದಲ ಬೆಂಚಿನಿಂದ ಎದ್ದು ನಿಂತು ಅಂಗೈಗಳನ್ನು ಎತ್ತುತ್ತಿರಬೇಕು. ಅಷ್ಟು ಬೇಗ ಕಲಿತುಬಿಡುವ ಇರಾದೆ ಊರಿನಲ್ಲಿ ಯಾರಿಗೂ ಇಲ್ಲ.